ಥಾಮಸ್ ಎ. ಡಾರ್ಸಿ: ವಲಸೆ, ಚರ್ಚು ಮತ್ತು ಗಾಸ್ಪೆಲ್ ಸಂಗೀತ

ಆಫ್ರಿಕನ್ ಅಮೆರಿಕನ್ನರ ಗಾಸ್ಪೆಲ್ ಸಂಗೀತದ ಪಿತಾಮಹನೆಂದು ಪ್ರಸಿದ್ಧನಾದ ಥಾಮಸ್ ಎ. ಡಾರ್ಸಿಯ (1899–1993) ಬದುಕನ್ನು, ಬ್ಲೂಸ್ ಸಂಗೀತವನ್ನು ತೊರೆದು ಭಕ್ತಿಗೆ ಮರಳಿದವನ ಕಥೆಯಾಗಿ ನಿರೂಪಿಸುವುದು ರೂಢಿ. ಅವನ ಮನೆತನದ ಮೂಲವನ್ನೂ ಅವನು ದುಡಿದ ಚರ್ಚಿನ ಪರಿಸರವನ್ನೂ ಒಟ್ಟಿಗೆ ಇರಿಸಿ ನೋಡಿದರೆ ಈ ನಿರೂಪಣೆ ಅಪೂರ್ಣವೆನಿಸುತ್ತದೆ. ಅವನು ಬ್ಲೂಸನ್ನು ತೊರೆದದ್ದಕ್ಕಿಂತ ಅದರ ನಾದವನ್ನು ಚರ್ಚಿನೊಳಕ್ಕೆ ಕೊಂಡೊಯ್ದದ್ದೇ ಹೆಚ್ಚು ಮಹತ್ವದ ಸಂಗತಿ.

ಡಾರ್ಸಿ ಜನಿಸಿದ್ದು ಜಾರ್ಜಿಯಾ ರಾಜ್ಯದ ವಿಲ್ಲಾ ರಿಕಾದಲ್ಲಿ. ತಂದೆ ಬ್ಯಾಪ್ಟಿಸ್ಟ್ ಉಪದೇಶಕ. ಗೇಣಿ ಬೇಸಾಯವೂ ಅವನ ಪಾಲಿಗಿತ್ತು. ತಾಯಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದಳು. ಸೋದರಮಾವ ಗಿಟಾರ್ ಹಿಡಿದು ಊರೂರು ತಿರುಗುವ ಬ್ಲೂಸ್ ವಾದಕ. ಹೀಗೆ ದೇವಾಲಯ ಮತ್ತು ಬೀದಿಯ ಸಂಗೀತಗಳೆರಡೂ ಒಂದೇ ಮನೆಯಲ್ಲಿ ಅವನಿಗೆ ದೊರೆತವು. ಕುಟುಂಬ ಅಟ್ಲಾಂಟಾಕ್ಕೆ ಬಂದ ಮೇಲೆ ಅಲ್ಲಿನ ರಂಗಮಂದಿರಗಳ ಪಿಯಾನೊ ವಾದಕರಿಂದ ಅವನು ಕಲಿತನು.

ದಕ್ಷಿಣದ ಕಪ್ಪು ಜನರ ಮಹಾವಲಸೆಯ ಅಲೆಯಲ್ಲಿ, 1916ರಲ್ಲಿ, ಡಾರ್ಸಿ ಶಿಕಾಗೊ ಸೇರಿದನು. 1924ರಲ್ಲಿ ಗಾಯಕಿ ಮಾ ರೇನಿಯ ವಾದ್ಯವೃಂದವನ್ನು ಕಟ್ಟಿ ನಡೆಸಿದನು. ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಬ್ಲೂಸ್ ಧ್ವನಿಮುದ್ರಿಕೆಗಳನ್ನೂ ನೀಡಿದನು. ಅಂದಿನ ಶಿಕಾಗೊದ ಪ್ರತಿಷ್ಠಿತ ಕಪ್ಪು ಚರ್ಚುಗಳು ಯುರೋಪಿನ ಶಾಸ್ತ್ರೀಯ ವೃಂದಗಾನವನ್ನೇ ಮಾನ್ಯ ಮಾಡಿದ್ದವು. ಚಪ್ಪಾಳೆ, ಉದ್ಗಾರ, ಮೈದೂಗುವಿಕೆಗಳು ಹಳ್ಳಿಯ ಮತ್ತು ಗುಲಾಮಗಿರಿಯ ಕುರುಹುಗಳೆಂದು ಅಲ್ಲಿನ ಹಳೆಯ ನಿವಾಸಿಗಳಿಗೆ ತೋರುತ್ತಿದ್ದವು. ಡಾರ್ಸಿಯ ಆರಂಭದ ಗೀತೆಗಳು ತಿರಸ್ಕೃತವಾದುದರ ಹಿಂದೆ, ಚರ್ಚಿನಲ್ಲಿ ಯಾರ ದನಿಗೆ ಸ್ಥಾನವಿದೆ ಎಂಬ ಪ್ರಶ್ನೆಯಿತ್ತು. ಹೊಸ ವಲಸಿಗರು ಹೆಚ್ಚಿದಂತೆ ಉತ್ತರವೂ ಬದಲಾಯಿತು. 1931ರಲ್ಲಿ ಎಬೆನೆಜರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಥಿಯೊಡೊರ್ ಫ್ರೈಯೊಂದಿಗೆ ಅವನು ಗಾಸ್ಪೆಲ್ ವೃಂದವನ್ನು ರೂಪಿಸಿದನು; ಮರುವರ್ಷ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನ ಸಂಗೀತ ನಿರ್ದೇಶಕನಾಗಿ, ದಶಕಗಳ ಕಾಲ ಅಲ್ಲಿ ದುಡಿದನು.

ಪಿಲ್‌ಗ್ರಿಮ್ ಚರ್ಚಿನ ಕಟ್ಟಡವೇ ಬಡಾವಣೆಯ ಪರಿವರ್ತನೆಗೆ ಸಾಕ್ಷಿ. ವಾಸ್ತುಶಿಲ್ಪಿಗಳಾದ ಆಡ್ಲರ್ ಮತ್ತು ಸಲಿವನ್ 1890–91ರಲ್ಲಿ ಅದನ್ನು ನಿರ್ಮಿಸಿದ್ದು ಯೆಹೂದಿ ಪ್ರಾರ್ಥನಾ ಮಂದಿರವಾಗಿ. ಆ ಸಮುದಾಯ ಬೇರೆಡೆಗೆ ಸರಿದು, ಬ್ರಾಂಜ್‌ವಿಲ್ ಕಪ್ಪು ಜನರ ನೆಲೆಯಾದಾಗ, 1920ರ ದಶಕದ ಆರಂಭದಲ್ಲಿ ಅದು ಬ್ಯಾಪ್ಟಿಸ್ಟರ ವಶವಾಯಿತು.

1932ರ ಆಗಸ್ಟಿನಲ್ಲಿ ಡಾರ್ಸಿ ಸೇಂಟ್ ಲೂಯಿಸ್‌ನಲ್ಲಿದ್ದಾಗ, ಶಿಕಾಗೊದಲ್ಲಿ ಅವನ ಪತ್ನಿ ನೆಟ್ಟಿ ಹೆರಿಗೆಯಲ್ಲಿ ತೀರಿಕೊಂಡಳು, ಶಿಶುವೂ ಉಳಿಯಲಿಲ್ಲ. ಆ ದುಃಖದಿಂದ ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಗೀತೆ ಹುಟ್ಟಿತು. ಅದರ ಧಾಟಿಗೆ ಹತ್ತೊಂಬತ್ತನೆಯ ಶತಮಾನದ ಸ್ತುತಿಗೀತೆಯೊಂದು ಆಧಾರ. ಸ್ವರಗಳನ್ನು ಬಾಗಿಸಿ ಹಾಡುವ ಕ್ರಮ ಬ್ಲೂಸಿನದು. ತಾಯಿಯ ಆರ್ಗನ್ನೂ ಸೋದರಮಾವನ ಗಿಟಾರೂ ಇಲ್ಲಿ ಒಂದಾದವು ಎನ್ನಬಹುದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ನ ಅಂತ್ಯಸಂಸ್ಕಾರದ ಸಂದರ್ಭದಲ್ಲಿ ಮಹಾಲಿಯಾ ಜಾಕ್ಸನ್ ಇದನ್ನೇ ಹಾಡಿದಳು.

2006ರ ಜನವರಿಯ ಬೆಂಕಿಯಲ್ಲಿ ಪಿಲ್‌ಗ್ರಿಮ್ ಚರ್ಚಿನ ಒಳಭಾಗ ಸುಟ್ಟುಹೋಗಿ ಹೊರಗೋಡೆಗಳಷ್ಟೇ ಉಳಿದವು. ಒಮ್ಮೆ ಚರ್ಚುಗಳು ಅಸಭ್ಯವೆಂದು ದೂರವಿಟ್ಟ ಆ ಗಾಯನಕ್ರಮವಾದರೋ ಅಷ್ಟರಲ್ಲಾಗಲೇ ಕಪ್ಪು ಜನರ ಆರಾಧನೆಯ ಮುಖ್ಯ ಧಾರೆಯಾಗಿ ನೆಲೆಗೊಂಡಿತ್ತು.