ಬ್ಯಾಂಕುಗಳು ಮುಳುಗಿದ ವರ್ಷ ಬ್ಯಾಂಕು ತೆರೆದ ದಿವಾನರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳಿದೊಡನೆ ರೈತ ಬಾಂಧವರಿಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ನಾಡಿನ ಹಣಕ್ಕೂ ಅವರು ಒಂದು ಕಟ್ಟೆ ಕಟ್ಟಿದರು.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದು, 1912ರಲ್ಲಿ ದಿವಾನರಾದರು.

1913ರ ಸೆಪ್ಟೆಂಬರಿನಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಬಾಗಿಲು ಮುಚ್ಚಿತು. ಬೆಳ್ಳಿಯ ಸಟ್ಟಾದಲ್ಲಿ ತೊಡಗಿದ್ದ ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕೂ ಅದೇ ವರ್ಷ ಮುಳುಗಿತು. ಜನ ನಾಳೆಯೇ ಕೇಳಬಹುದಾದ ಠೇವಣಿಯನ್ನು ಬೇಗ ಹಿಂದಿರುಗದ ಕಡೆ ತೊಡಗಿಸಿದ್ದು ಆಗಿನ ಅನೇಕ ಬ್ಯಾಂಕುಗಳ ಪತನಕ್ಕೆ ಕಾರಣ. ಇಂಥ ಹೊತ್ತಿನಲ್ಲಿ, ಅಕ್ಟೋಬರ್ 2ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಬ್ಯಾಂಕ್ ಆಫ್ ಮೈಸೂರು ಆರಂಭವಾಯಿತು. ಅದು ಉಳಿಯಿತು. 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಧೀನಕ್ಕೆ ಬಂದು, 2017ರಲ್ಲಿ ಅದರಲ್ಲೇ ವಿಲೀನವಾಯಿತು.

ಇಟಲಿಯ ತಜ್ಞರ ಮಾರ್ಗದರ್ಶನದಲ್ಲಿ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ತಲೆಯೆತ್ತಿದ್ದೂ ಅವರ ದಿವಾನಗಿರಿಯಲ್ಲೇ. 1918ರಲ್ಲಿ ಅವರು ಅಧಿಕಾರ ಬಿಟ್ಟರು. 1930ರ ದಶಕದಲ್ಲಿ ಚೀನಾ, ಜಪಾನುಗಳ ಅಗ್ಗದ ರೇಷ್ಮೆ ಬಂದು ಗೂಡಿನ ಬೆಲೆ ಕುಸಿದಾಗ ಕೈಯಲ್ಲಿ ಕಾಸಿಲ್ಲದ ರೈತ ಹಿಪ್ಪುನೇರಳೆ ಕಿತ್ತುಹಾಕಬೇಕಾಯಿತು. 1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯನವರು 1962ರಲ್ಲಿ ತೀರಿಕೊಂಡರು.

1913ರ ಪಾಠ ಇಂದಿಗೂ ಸಲ್ಲುತ್ತದೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ದರ ದಿನದಿನಕ್ಕೂ ಏರಿಳಿಯುತ್ತದೆ. ಆದ್ದರಿಂದ ಮುಂದಿನ ಬೆಳೆಯ ಚಾಕಿ ಹುಳು, ಗೊಬ್ಬರ, ಕೂಲಿಯ ಹಣ ಉಳಿತಾಯ ಖಾತೆಯಲ್ಲಿರಲಿ. ಒಂದು ವರ್ಷದ ಸಂಸಾರ ಖರ್ಚು ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲೋ ಅಂಚೆ ಕಛೇರಿಯಲ್ಲೋ ಇರಲಿ. ಬ್ಯಾಂಕು ಮುಳುಗಿದರೆ, ವಿಮೆಯಿರುವ ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ರಕ್ಷಣೆಯುಂಟು. ಸಹಕಾರಿ ಬ್ಯಾಂಕಿಗೂ ಇದು ಅನ್ವಯಿಸುತ್ತದೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದ ಠೇವಣಿಗೆ ಈ ವಿಮೆಯಿಲ್ಲ. ಹಣ ಕಟ್ಟುವ ಮೊದಲೇ ವಿಚಾರಿಸತಕ್ಕದ್ದು.

ಇಷ್ಟಾಗಿ ಮಿಕ್ಕ, ಐದಾರು ವರ್ಷ ಬೇಡವಾದ ಹಣವಿದ್ದರೆ ಮಾತ್ರ ಷೇರು, ಮ್ಯೂಚುವಲ್ ಫಂಡಿನ ಯೋಚನೆ. ಪೇಟೆ ಇಳಿದಾಗ ಅಗ್ಗವೆಂದು ಸಾಲ ಮಾಡಿ ಕೊಳ್ಳಬಾರದು, ಹೆದರಿ ಎಲ್ಲವನ್ನೂ ಮಾರಲೂಬಾರದು. ಸ್ವಲ್ಪಸ್ವಲ್ಪವಾಗಿ, ಹಲವು ಕಡೆ ಹಂಚಿ ತೊಡಗಿಸುವುದು ಲೇಸು. ಬೆಳೆಸಾಲದ ಹಣ ಬೆಳೆಗೇ ಮೀಸಲು.