ತಾವೇ ಕಟ್ಟಿದ ಸಂಸ್ಥೆಯಿಂದ ಹೊರನಡೆದ ಪಾಲ್ ಪ್ವಾರೆ

ತಮ್ಮದೇ ಹೆಸರಿನ ಸಂಸ್ಥೆಯಿಂದ ಬರಿಗೈಯಲ್ಲಿ ಹೊರನಡೆಯಬೇಕಾಗಿ ಬಂದ ಫ್ರಾನ್ಸಿನ ವಸ್ತ್ರವಿನ್ಯಾಸಕ ಪಾಲ್ ಪ್ವಾರೆ ಅವರನ್ನು ಇಂದು ನಾವು ಸ್ಮರಿಸುತ್ತಿದ್ದೇವೆ.

1879ರಲ್ಲಿ ಪ್ಯಾರಿಸ್ಸಿನ ಬಟ್ಟೆ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದ ಪ್ವಾರೆ, ಎಳೆಯ ವಯಸ್ಸಿನಲ್ಲಿ ಕೊಡೆ ತಯಾರಕರೊಬ್ಬರ ಬಳಿ ಕೆಲಸಕ್ಕಿದ್ದರು. ಅಲ್ಲಿ ಉಳಿದ ರೇಷ್ಮೆ ತುಂಡುಗಳಿಂದ ಗೊಂಬೆಗೆ ಉಡುಪು ಹೊಲಿದರು. ಮುಂದೆ ಹೆಸರಾಂತ ವರ್ತ್ ಸಂಸ್ಥೆಯನ್ನು ಸೇರಿದರಾದರೂ ಅವರ ಸರಳ ವಿನ್ಯಾಸ ಅಲ್ಲಿನ ಸಿರಿವಂತ ಗ್ರಾಹಕರಿಗೆ ರುಚಿಸಲಿಲ್ಲ. ಅದನ್ನು ತೊರೆದು 1903ರಲ್ಲಿ ಸ್ವಂತ ಮಳಿಗೆ ತೆರೆದರು. ಮಹಿಳೆಯರ ನಡುವನ್ನು ಬಿಗಿಯುತ್ತಿದ್ದ ಕಾರ್ಸೆಟ್ ಬೇಡದ ಸಡಿಲ ಉಡುಪುಗಳನ್ನು ರೂಪಿಸಿ ಮನೆಮಾತಾದರು.

ಶಿಕ್ಷಕರಾದ ನಮ್ಮನ್ನು ಹೆಚ್ಚು ಸೆಳೆಯುವುದು 1911ರಲ್ಲಿ ಅವರು ಆರಂಭಿಸಿದ ಮಾರ್ತೀನ್ ಶಾಲೆ. ಅಲ್ಲಿ ಶ್ರಮಿಕ ಕುಟುಂಬಗಳ ಬಾಲಕಿಯರನ್ನು ಉದ್ಯಾನ, ಮೃಗಾಲಯಗಳಿಗೆ ಕರೆದೊಯ್ದು, ಕಂಡದ್ದನ್ನು ತಮಗೆ ತೋಚಿದಂತೆ ಚಿತ್ರಿಸಲು ಬಿಡಲಾಗುತ್ತಿತ್ತು. ಆ ಚಿತ್ರಗಳೇ ಬಟ್ಟೆ, ಜಮಖಾನೆಗಳ ಮೇಲೆ ಮೂಡಿದವು.

ಮೊದಲ ಮಹಾಯುದ್ಧದ ಸೈನ್ಯಸೇವೆ ಮುಗಿಸಿ ಮರಳುವಷ್ಟರಲ್ಲಿ ಜನರ ಅಭಿರುಚಿ ಬದಲಾಗಿತ್ತು. 1925ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಸೇನ್ ನದಿಯಲ್ಲಿ ಮೂರು ದೊಡ್ಡ ದೋಣಿಗಳನ್ನು ಅಲಂಕರಿಸಿದ ವೆಚ್ಚ ಅವರನ್ನು ಕುಗ್ಗಿಸಿತು. ಸಂಸ್ಥೆ ಬಂಡವಾಳಗಾರರ ಪಾಲಾಯಿತು, ಪ್ವಾರೆ ಹೊರಬಂದರು. 1929ರಲ್ಲಿ ಅದು ಮುಚ್ಚಿದಾಗ ಉಳಿದ ಉಡುಪುಗಳು ಚಿಂದಿಯಂತೆ ತೂಕಕ್ಕೆ ಮಾರಾಟವಾದವು. 1944ರಲ್ಲಿ ಅವರು ಬಡತನದಲ್ಲಿಯೇ ಕಣ್ಮುಚ್ಚಿದರು.

ಬಡವರ ಮಕ್ಕಳ ಕಣ್ಣನ್ನು ನಂಬಿದ ಆ ಶಾಲೆಗಾಗಿಯಾದರೂ ನಾವು ಅವರನ್ನು ಮರೆಯಲಾಗದು.