ಡ್ರ್ಯಾಗನ್ ಉಡುಗೆಯ ಒಡತಿ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯದ ವಸ್ತ್ರಭಂಡಾರದಲ್ಲಿ ಕಪ್ಪು ರೇಷ್ಮೆಯ ಉಡುಗೆಯೊಂದಿದೆ. ಚಿನ್ನ ಹಾಗೂ ಬೆಳ್ಳಿ ಬಣ್ಣದ ಚಮಕಿಗಳಲ್ಲಿ ಮೂಡಿದ ಡ್ರ್ಯಾಗನ್ ಅದರ ಮೈಮೇಲೆ ಸುರುಳಿ ಬಿಚ್ಚಿದೆ. 1934ರ ‘ಲೈಮ್‌ಹೌಸ್ ಬ್ಲೂಸ್’ ಚಿತ್ರಕ್ಕಾಗಿ ಪ್ಯಾರಮೌಂಟ್ ಸಂಸ್ಥೆಯ ವಸ್ತ್ರವಿನ್ಯಾಸಕ ಟ್ರಾವಿಸ್ ಬ್ಯಾಂಟನ್ ರೂಪಿಸಿದ ಉಡುಗೆ ಇದು. ಚಿತ್ರವನ್ನು ಇಂದು ನೆನೆಯುವವರು ವಿರಳ. ಆದರೆ ಅದನ್ನು ತೊಟ್ಟ ಅನಾ ಮೇ ವಾಂಗ್ ಅವರ ಬದುಕು ನೆನೆಯತಕ್ಕದ್ದು.

ವಾಂಗ್ 1905ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜನಿಸಿದರು. ತಂದೆ ಬಟ್ಟೆ ಒಗೆಯುವ ಅಂಗಡಿ ನಡೆಸುತ್ತಿದ್ದರು. ಶಾಲೆ ತಪ್ಪಿಸಿ ಚಿತ್ರೀಕರಣ ನೋಡುತ್ತಿದ್ದ ಬಾಲಕಿ, 1919ರಲ್ಲಿ ‘ದಿ ರೆಡ್ ಲ್ಯಾಂಟರ್ನ್’ ಚಿತ್ರದ ಗುಂಪಿನಲ್ಲಿ ದೀಪ ಹಿಡಿದು ನಿಂತಳು. ಹದಿನೇಳರ ವಯಸ್ಸಿನಲ್ಲಿಯೇ, ಎರಡು ವರ್ಣಗಳ ಟೆಕ್ನಿಕಲರ್‌ನಲ್ಲಿ ತಯಾರಾದ ‘ದಿ ಟೋಲ್ ಆಫ್ ದಿ ಸೀ’ (1922) ಚಿತ್ರದ ನಾಯಕಿಯಾದರು. 1924ರ ‘ದಿ ಥೀಫ್ ಆಫ್ ಬಾಗ್ದಾದ್’ ಹೆಸರು ತಂದಿತು, ಒಳ್ಳೆಯ ಪಾತ್ರಗಳನ್ನಲ್ಲ. ಒಂದೋ ವಂಚಕಿ, ಇಲ್ಲವೇ ಪ್ರೇಮಕ್ಕಾಗಿ ಪ್ರಾಣ ಬಿಡುವ ಅಬಲೆ. ಬೇಸತ್ತು 1928ರಲ್ಲಿ ಯುರೋಪಿಗೆ ತೆರಳಿದರು. ಲಂಡನ್ನಿನಲ್ಲಿ ತಯಾರಾದ ‘ಪಿಕಾಡಿಲಿ’ಯಲ್ಲಿ ಅವರ ಅಭಿನಯ ಇಂದಿಗೂ ಹೊಸತೆನಿಸುತ್ತದೆ. ಮರಳಿ ಬಂದ ಮೇಲೆ ‘ಶಾಂಘೈ ಎಕ್ಸ್‌ಪ್ರೆಸ್’ (1932) ಚಿತ್ರದಲ್ಲಿ ಮರ್ಲಿನ್ ಡೀಟ್ರಿಚ್ ಎದುರು ನಿಂತೂ ಕಳೆಗುಂದಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ‘ದಿ ಗುಡ್ ಅರ್ಥ್’ ಸಂದರ್ಭದಲ್ಲಿ. ಪರ್ಲ್ ಬಕ್ ಕಾದಂಬರಿಯ ಚೀನೀ ರೈತ ಮಹಿಳೆ ಓ-ಲಾನ್ ಪಾತ್ರಕ್ಕೆ ವಾಂಗ್ ಅವರಿಗಿಂತ ಸಹಜವಾದ ಆಯ್ಕೆ ಬೇರೊಂದಿರಲಿಲ್ಲ. ಆದರೆ ನಾಯಕನ ಪಾತ್ರ ಬಿಳಿಯ ನಟ ಪಾಲ್ ಮುನಿ ಅವರದಾಗಿತ್ತು. ಬಿಳಿಯ ನಟನ ಜೊತೆ ಏಷ್ಯಾ ಮೂಲದ ನಟಿ ಪ್ರಣಯ ನಟಿಸುವುದು ಅಂದಿನ ಹಾಲಿವುಡ್‌ನಲ್ಲಿ ಬಹುಮಟ್ಟಿಗೆ ನಿಷಿದ್ಧ. ಪಾತ್ರ ಲೂಯಿಸ್ ರೈನರ್ ಅವರ ಪಾಲಾಯಿತು; ಆಸ್ಕರ್ ಪ್ರಶಸ್ತಿಯೂ ಅವರಿಗೇ ಸಂದಿತು. ಚೀನೀ ಹೆಂಗಸಾಗಿ ನಟಿಸಲು ಚೀನೀ ಮುಖವೇ ಅಡ್ಡಿಯಾದದ್ದು ಎಂಥ ವಿಪರ್ಯಾಸ!

1936ರಲ್ಲಿ ವಾಂಗ್ ಪೂರ್ವಜರ ನಾಡಿಗೆ ಹೊರಟರು. ಅಮೆರಿಕದಲ್ಲಿಯೇ ಹುಟ್ಟಿದ ಪ್ರಜೆಯಾಗಿದ್ದರೂ, ಮರಳಿ ಬರಲು ಚೀನೀಯರ ವಲಸೆ ನಿಷೇಧ ಕಾನೂನಿನಡಿ ಮುಂಚಿತವಾಗಿ ದಾಖಲೆ ಸಲ್ಲಿಸಬೇಕಿತ್ತು. ಅತ್ತ ಚೀನಾದಲ್ಲಿ, ದೇಶದ ಮಾನ ಕಳೆಯುವ ಪಾತ್ರಗಳನ್ನು ಮಾಡಿದರೆಂಬ ಟೀಕೆ ಕಾದಿತ್ತು. ಎರಡೂ ದಡಗಳಲ್ಲಿ ಪರಕೀಯರು. ಆದರೂ ಜಪಾನ್ ದಾಳಿಯಿಂದ ಚೀನಾ ನಲುಗಿದಾಗ, ತಮ್ಮ ಚಿತ್ರಗಳ ಉಡುಪುಗಳನ್ನು ಹರಾಜು ಹಾಕಿ ಬಂದ ಹಣವನ್ನು ಪರಿಹಾರನಿಧಿಗೆ ನೀಡಿದರು.

ಡ್ರ್ಯಾಗನ್ ಉಡುಗೆ ಮಾತ್ರ ಉಳಿಯಿತು. 1956ರಲ್ಲಿ ಅದನ್ನು ವಾಂಗ್ ಸ್ವತಃ ಬ್ರೂಕ್ಲಿನ್ ವಸ್ತುಸಂಗ್ರಹಾಲಯಕ್ಕೆ ದಾನವಿತ್ತರು. 1961ರ ಫೆಬ್ರುವರಿಯಲ್ಲಿ, 56ರ ವಯಸ್ಸಿನಲ್ಲಿ, ಹೃದಯಾಘಾತದಿಂದ ನಿಧನರಾದರು. ಬ್ರೂಕ್ಲಿನ್ನಿನ ಸಂಗ್ರಹ 2009ರಲ್ಲಿ ಮೆಟ್ರೊಪಾಲಿಟನ್‌ಗೆ ಸೇರಿತು. 2015ರಲ್ಲಿ ಅಲ್ಲಿ ನಡೆದ, ಪಾಶ್ಚಾತ್ಯ ಉಡುಪಿನ ಮೇಲೆ ಚೀನಾದ ಪ್ರಭಾವವನ್ನು ಕುರಿತ ಪ್ರದರ್ಶನದಲ್ಲಿ ಈ ಉಡುಗೆಯನ್ನೂ ಇರಿಸಲಾಗಿತ್ತು. 2022ರಲ್ಲಿ ಅಮೆರಿಕದ ಟಂಕಸಾಲೆ ಕಾಲು ಡಾಲರ್ ನಾಣ್ಯವೊಂದರ ಮೇಲೆ ವಾಂಗ್ ಅವರ ಮುಖವನ್ನು ಅಚ್ಚು ಹಾಕಿತು.